ದಾಟಿ ಹೋದ ತಟ್ಟೆ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಜೈಲಿನ ಕಾವಲುಗಾರನೊಬ್ಬ ಠಾಣೆಗೆ ದೂರು ತಂದುಕೊಟ್ಟ. ಬಟ್ಟೆ ಒಗೆಯುವ ಕೋಣೆಯಲ್ಲಿ ಕೈದಿಯೊಬ್ಬನ ಕೊಲೆಯಾಗಿದೆ, ಕೊಂದವನು ಸಿಕ್ಕಿದ್ದಾನೆ, ತಪ್ಪನ್ನೂ ಒಪ್ಪಿಕೊಂಡಿದ್ದಾನೆ ಎಂದು ಜೈಲರು ಬರೆದಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಟೋಪಿ ಎತ್ತಿಕೊಂಡಳು. ಸುಲಿದ ಬಾಳೆಹಣ್ಣಿನ ಹಾಗೆ ಕೈಗೆ ಬರುವ ಕೇಸು ಕಂಡರೆ ಆಕೆಗೆ ಮೊದಲಿನಿಂದಲೂ ಆಗದು.

"ಕೊಲೆಗಾರ ಆಗಲೇ ಸಿಕ್ಕಿದ್ದಾನಂತೆ. ನಮ್ಮನ್ನ ಊಟಕ್ಕೆ ಕರೆದಿರಬೇಕು," ಎಂದ ಹೆಡ್ ಕಾನ್‌ಸ್ಟೇಬಲ್.

ಸತ್ತವನನ್ನು ಜೈಲಿನಲ್ಲಿ ಎಲ್ಲರೂ 'ಹಿರಿಯ' ಎನ್ನುತ್ತಿದ್ದರು. ಜೀವಾವಧಿ ಶಿಕ್ಷೆಯವನು. ಭಾನುವಾರ ಇಪ್ಪತ್ತು ಮೂವತ್ತು ಕೈದಿಗಳನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದ ಕ್ರೈಸ್ತ ಸಭೆಗೆ ಅವನೇ ಹಿರಿಯ. ಒದ್ದೆ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ. ಪಕ್ಕದಲ್ಲಿ ಬಟ್ಟೆ ಬಡಿಯುವ ಕೊಡತಿ, ಅದರ ತುದಿಗೆ ಅಂಟಿದ ಕೂದಲು. ಪಂಚನಾಮೆ ಮುಗಿಯುವ ಹೊತ್ತಿಗೆ ವೈದ್ಯರು ಹೆಣದ ದವಡೆ ಮುಟ್ಟಿ ನೋಡಿ, ಬೆಳಿಗ್ಗೆ ಆರು ಗಂಟೆಗೆ ಮುಂಚೆಯೇ ಪ್ರಾಣ ಹೋಗಿದೆ ಎಂದರು.

ತಪ್ಪೊಪ್ಪಿಕೊಂಡವನು ಜೈಲರ ಕೋಣೆಯ ಹೊರಗೆ ನೆಲದ ಮೇಲೆ ಕೂತಿದ್ದ. ಬಟ್ಟೆ ಒಗೆಯುವ ಕೈದಿ. ಒಂಬತ್ತು ಗಂಟೆಗೆ ಹೆಣವನ್ನು ಮೊದಲು ಕಂಡವನೂ ಅವನೇ, ಬದುಕಿದ್ದಾನೇನೋ ಎಂದು ಎತ್ತಿ ಅಂಗಿಗೆ ರಕ್ತ ಮಾಡಿಕೊಂಡವನೂ ಅವನೇ. ಮರುದಿನ ಅವನ ಬಿಡುಗಡೆಯಿತ್ತು. ಹೆಂಡತಿ ಗೇಟಿಗೆ ಬರುವವಳಿದ್ದಳು.

"ಬೆರಳಿಗೇನಾಯ್ತು?" ಇನ್‌ಸ್ಪೆಕ್ಟರ್ ಕೇಳಿದಳು.

"ಬಾಗಿಲಿಗೆ ಸಿಕ್ಕಿತು ಮೇಡಂ."

"ಮೂರು ಬೆರಳೂ ಮೂರು ದಿಕ್ಕಿಗೆ?"

ಜೈಲರು ಕಿಟಕಿ ನೋಡಿದರು.

"ಕೊಡತಿ ಯಾವ ಕೈಲಿ ಹಿಡಿದಿದ್ದೆ?"

ಅವನು ಜೈಲರ ಮುಖ ನೋಡಿದ. "ಸಾಹೇಬ್ರು ಯಾವ ಕೈ ಅಂತಾರೋ ಆ ಕೈ ಮೇಡಂ."

ಇನ್‌ಸ್ಪೆಕ್ಟರ್ ಜೈಲರ ಕಡೆ ತಿರುಗಿದಳು. "ಇವನ ಬ್ಯಾರಕ್ ಬೀಗ ತೆಗೆಯೋದು ಎಷ್ಟಕ್ಕೆ?"

"ಏಳಕ್ಕೆ," ಎಂದರು ಜೈಲರು. "ರಾತ್ರಿ ಬೀಗ ಹಾಕೋದು ಮರೆತಿರಬಹುದು. ಒಪ್ಪಿಕೊಂಡಿದ್ದಾನಲ್ಲ, ಇನ್ನೇನು ಬೇಕು ನಿಮಗೆ?"

"ಏಳಕ್ಕೆ ಮುಂಚೆ ಹೊರಗಿದ್ದೋರು ಬೇಕು."

ಅಂಥವರು ಆರೇ ಮಂದಿ. ಪ್ರಾರ್ಥನೆಯ ಕೋಣೆ ಗುಡಿಸಲು ಬೇಗ ಎದ್ದುಬರುತ್ತಿದ್ದ ಹಿರಿಯ, ಮತ್ತೆ ಅಡುಗೆಮನೆಯ ಐವರು. ಅಡುಗೆಮನೆಗೂ ಒಗೆಯುವ ಕೋಣೆಗೂ ನಡುವೆ ಒಂದೇ ಗೋಡೆ. ಐವರೂ ತಾವು ಒಲೆ ಬಿಟ್ಟು ಕದಲಿಲ್ಲ ಎಂದರು, ಒಬ್ಬರಿಗೊಬ್ಬರು ಸಾಕ್ಷಿ ನಿಂತರು. ಕಳ್ಳನಿಗೆ ಸುಳ್ಳ ಸಾಕ್ಷಿ ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ.

ಮಧ್ಯಾಹ್ನ ಸಭೆಯವರನ್ನು ಒಬ್ಬೊಬ್ಬರಾಗಿ ಕರೆಸಿದರು. ಎಲ್ಲರೂ ಅತ್ತರು, ಯಾರೂ ಏನೂ ಹೇಳಲಿಲ್ಲ. ಕೊನೆಗೆ ಬಂದವನು ಹಲ್ಲಿಲ್ಲದ ಮುದುಕ.

"ಬೆಳಿಗ್ಗೆ ಎಂಟಕ್ಕೆ ಹಿರಿಯ ಬರಲಿಲ್ಲ. ಆದ್ರೂ ಪ್ರಾರ್ಥನೆ ಮಾಡಿದ್ರಾ?"

"ಆಫೀಸಿಗೆ ಕರೆದಿರ್ತಾರೆ ಅಂದ್ಕೊಂಡ್ವಿ ತಾಯಿ. ನಾನೇ ನಡೆಸಿದೆ. ಏನು ಹೇಳ್ಲಿ, ಇವತ್ತಿನಂಥ ಪ್ರಾರ್ಥನೆ ಆಗೇ ಇರ್ಲಿಲ್ಲ. ಅಡುಗೆಮನೆ ಬ್ರೆಡ್ಡಣ್ಣ ತಗೊಂಡುಬಿಟ್ಟ. ಎಲ್ಲರೂ ಸ್ತೋತ್ರ ಸ್ತೋತ್ರ ಅಂತ ಚಪ್ಪಾಳೆ ಹೊಡೆದ್ವಿ."

"ಏನು ತಗೊಂಡ?"

"ಬ್ರೆಡ್ಡು." ಮುದುಕ ಬಿಡಿಸಿ ಹೇಳಿದ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನಕ್ಕೆ ಬ್ರೆಡ್ಡಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರೂ ಒಂದೊಂದು ಚೂರು ಮುರಿದುಕೊಳ್ಳಬೇಕು. ಸಭೆಯ ಅಣ್ಣತಮ್ಮಂದಿರಲ್ಲಿ ಯಾರ ಮೇಲಾದರೂ ಹಗೆ ಇದ್ದರೆ ಮುಟ್ಟದೆ ಮುಂದಕ್ಕೆ ದಾಟಿಸಬೇಕು. ಅದು ಹಿರಿಯ ಹಾಕಿಕೊಟ್ಟ ಕಟ್ಟಳೆ. "ಇಲ್ಲಿ ಪೊಲೀಸ್ರಿಗೆ ಸುಳ್ಳು ಹೇಳ್ತೀವಿ, ಜಡ್ಜಿಗೆ ಹೇಳ್ತೀವಿ. ತಟ್ಟೆಗೆ ಮಾತ್ರ ಯಾರೂ ಹೇಳಲ್ಲ. ಬ್ರೆಡ್ಡಣ್ಣ ತಾನೇ ಸುಟ್ಟ ಬ್ರೆಡ್ಡನ್ನ ಎಷ್ಟೋ ವಾರದಿಂದ ದಾಟಿಸ್ತಾನೇ ಇದ್ದ ಪಾಪ."

"ಯಾರ ಮೇಲೆ ಹಗೆ?"

"ಅದನ್ನ ಕೇಳೋ ಹಾಗಿಲ್ಲ. ಇವತ್ತು ಹಗೆ ಹೋಯ್ತು, ಅಷ್ಟೇ ಸಾಕು ನಮಗೆ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. ಹಿರಿಯ ಇದ್ದಷ್ಟು ವಾರ ದಾಟಿಸಿದವನು, ಹಿರಿಯ ಬಾರದ ಮೊದಲ ಭಾನುವಾರ ತಿಂದಿದ್ದ. ಆ ಹೊತ್ತಿಗೆ ಹಿರಿಯ ಸತ್ತದ್ದು, ಕೊಂದವನೊಬ್ಬನಿಗೆ ಬಿಟ್ಟರೆ, ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬ್ರೆಡ್ ಸುಡುವ ಒಲೆಯ ಬೂದಿಯನ್ನು ಪಂಚರ ಎದುರು ಜರಡಿ ಹಿಡಿಸಿದಳು. ಜೈಲಂಗಿಯ ತಗಡಿನ ಗುಂಡಿಗಳು ಸಿಕ್ಕವು. ಬ್ರೆಡ್ಡಣ್ಣ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ದಪ್ಪ ಮೈ, ರೆಪ್ಪೆಯ ಮೇಲೂ ಹಿಟ್ಟು.

"ನಿನ್ನ ಅಂಗೀದಾ?"

"ಹೌದು ಮೇಡಂ." ಕೇಳಲೆಂದೇ ಕಾದಿದ್ದವನಂತೆ ಹೇಳಿದ. ಉಳಿದ ನಾಲ್ವರು ನೆಲ ನೋಡಿದರು.

"ಆ ಬೆಂಕೀಲೇ ಪ್ರಾರ್ಥನೆಯ ಬ್ರೆಡ್ ಸುಟ್ಟೆಯಾ?"

"ಬೇರೆ ಬೆಂಕಿ ಇರ್ಲಿಲ್ಲ."

"ಅವನನ್ನ ಕೊಂದು ಬಂದು ತಟ್ಟೆಗೆ ಕೈ ಹಾಕಿದ್ಯಲ್ಲ?"

"ಹಗೆ ಇರ್ಲಿಲ್ಲ ಮೇಡಂ. ಹುಡುಕಿ ನೋಡಿದೆ, ಒಂದು ಚೂರೂ ಇರ್ಲಿಲ್ಲ. ಇದ್ದಿದ್ರೆ ದಾಟಿಸ್ತಿದ್ದೆ."

"ಬಟ್ಟೆ ಒಗೆಯೋನ ಬೆರಳು ಮುರೀವಾಗ ಅವನ ಕೂಗು ಇಲ್ಲಿಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಏನು ಮಾಡ್ತಿದ್ದೆ?"

"ಹಿಟ್ಟು ನಾದ್ತಿದ್ದೆ."

ಸಂಜೆ ನಾಲ್ಕಕ್ಕೆ ದಸ್ತಗಿರಿಯಾಯಿತು. ಬೆರಳು ಮುರಿದವರ ಮೇಲೆ ಇನ್‌ಸ್ಪೆಕ್ಟರ್ ಬೇರೆಯೇ ಎಫ್‌ಐಆರ್ ಹಾಕಿದಳು. ಅದು ಎಲ್ಲಿಯವರೆಗೆ ಹೋಗುತ್ತದೆಂದು ಆಕೆಗೂ ಗೊತ್ತಿತ್ತು, ಜೈಲರಿಗೂ ಗೊತ್ತಿತ್ತು. ಮರುದಿನ ಒಗೆಯುವವನು ಎಡಗೈ ಹೆಬ್ಬೆಟ್ಟು ಒತ್ತಿ ಗೇಟು ದಾಟಿದ. ಹೆಂಡತಿ ಬಲಗೈ ಹಿಡಿಯಲು ಬಂದಾಗ ನೋವಿಗೆ ಹಿಂದೆ ಸರಿದನಂತೆ.

ದಸ್ತಗಿರಿಯಾದ ಸಂಜೆಯೇ ಠಾಣೆಯಲ್ಲಿ ಬ್ರೆಡ್ಡಣ್ಣ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದ. ಅವನು ಜೈಲಿಗೆ ಬಂದದ್ದು ಹೆಂಡತಿಯನ್ನು ಕೊಂದು. ಆಗಿನ್ನೂ ಮಾತು ಕಲಿಯುತ್ತಿದ್ದ ಮಗಳನ್ನು ಚಿಕ್ಕಮ್ಮ ಸಾಕಿದ್ದಳು, ಅಪ್ಪ ಅಮ್ಮ ಇಬ್ಬರೂ ಅಪಘಾತದಲ್ಲಿ ಹೋದರೆಂದು ನಂಬಿಸಿದ್ದಳು. ಪ್ರಾರ್ಥನೆ ಮಾಡಲೆಂದು ಅವನು ಇದನ್ನು ಹಿರಿಯನೊಬ್ಬನಿಗೇ ಹೇಳಿಕೊಂಡಿದ್ದ.

"ಹಿರಿಯ ಪೆರೋಲ್ ಮೇಲೆ ಹೊರಗೆ ಹೋದಾಗ ಮಗಳ ಮನೆ ಹುಡುಕ್ಕೊಂಡು ಹೋಗಿ ಅವಳಿಗೆ ಎಲ್ಲಾ ಹೇಳಿಬಿಟ್ರು. ಸುಳ್ಳಿನ ಮೇಲೆ ದೇವರು ಮನೆ ಕಟ್ಟಲ್ಲ ಬ್ರದರ್ ಅಂದ್ರು. ನನಗೆ ಒಳ್ಳೇದು ಮಾಡಿದೀನಿ ಅಂತಾನೇ ಅವರ ಮನಸ್ಸಲ್ಲಿ. ಭೇಟಿ ದಿನ ಅವಳು ಬಂದ್ಲು. ಹದಿನಾಲ್ಕು ವರ್ಷ ಈಗ. ಜಾಲರಿ ಆಚೆ ಕೂತು ಒಂದೇ ಮಾತು ಕೇಳಿದ್ಲು."

"ಏನಂತ?"

"ಅಮ್ಮ ಕೂಗಿದ್ಲಾ ಅಂತ."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದ.

"ಇಲ್ಲ ಅನ್ನೋಕೆ ಬಾಯಿ ತೆಗೆದೆ ಮೇಡಂ. ಹಿರಿಯ ಪಕ್ಕದಲ್ಲೇ ನಿಂತಿದ್ರು. ಹೆಗಲ ಮೇಲೆ ಕೈ ಇಟ್ಟು, ಸತ್ಯ ಹೇಳು ಬ್ರದರ್, ಅಂದ್ರು."

"ಹೇಳಿದ್ಯಾ?"

"ಹೇಳಿದೆ. ಎಷ್ಟು ಹೊತ್ತು ಕೂಗಿದ್ಲು ಅನ್ನೋದನ್ನೂ ಹೇಳಿದೆ."

ಇನ್‌ಸ್ಪೆಕ್ಟರ್ ಕಾಗದವನ್ನು ಅವನ ಕಡೆಗೆ ಸರಿಸಿದಳು. ಅವನು ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿದ.