ಸಾನೆಟ್ಟಿನ ಸುಂದರಿಗೆ ಬಾಯಿ ಇಲ್ಲವೇ?

"ಶ್ರೀರಂಜನಿ, ಇದೆಲ್ಲ ಬರೀ ನಿನ್ ಸಿಟ್ಟು. ಸಾಕ್ಷಿ ಎಲ್ಲಿ?"

ಹಿಂದಿನ ಬೆಂಚಿನಿಂದ ಎದ್ದು ನಿಂತ ಅಂಜನ್ ಹಾಗೆ ಕೇಳಿದಾಗ ಇಡೀ ತರಗತಿ ಅವನ ಕಡೆ ತಿರುಗಿತು!

ತುಮಕೂರಿನ ಆ ಕಾಲೇಜಿನ ಕೊನೆಯ ವರ್ಷದ ಬಿ.ಎ. ಇಂಗ್ಲಿಷ್ ತರಗತಿಯಲ್ಲಿ ಒಂದು ಪದ್ಧತಿ. ಯಾರೇ ಸೆಮಿನಾರ್ ಕೊಟ್ಟರೂ ಚೀಟಿ ಎತ್ತಿ ಒಬ್ಬರನ್ನು ಎದುರಾಳಿ ಮಾಡುತ್ತಾರೆ. ತಪ್ಪು ಹುಡುಕುವುದು ಅವರ ಕೆಲಸ. ಹುಡುಕುವುದೇನು ಬಂತು, ಮಣ್ಣು! ಹಿಂದಿನ ದಿನವೇ ಎದುರಾಳಿಗೆ ಕ್ಯಾಂಟೀನಿನಲ್ಲಿ ತಟ್ಟೆ ಇಡ್ಲಿ ಕೊಡಿಸಿ ಪ್ರಶ್ನೆ ತಿಳಿದುಕೊಳ್ಳುವುದು, ಗೈಡಿನಲ್ಲಿರುವ ಉತ್ತರ ಒಪ್ಪಿಸುವುದು. ಆಮೇಲೆ ಚಪ್ಪಾಳೆ.

ಈ ಸಲ ಚೀಟಿ ಬಂದದ್ದು ಅಂಜನ್‌ಗೆ. ಶ್ರೀರಂಜನಿ ಅವನಿಗೆ ಇಡ್ಲಿ ಕೊಡಿಸಿರಲಿಲ್ಲ. ಗೈಡನ್ನೂ ಮುಟ್ಟಿರಲಿಲ್ಲ. ರೆನೈಸಾನ್ಸ್ ಕಾಲದ ಪ್ರೇಮದ ಸಾನೆಟ್‌ಗಳನ್ನು, ಆ ಹದಿನಾಲ್ಕು ಸಾಲಿನ ಪದ್ಯಗಳನ್ನು, ತಾನೇ ಕೂತು ಓದಿ ರೇಗಿಹೋಗಿದ್ದಳು. ಕವಿ ತನ್ನ ಪ್ರೇಯಸಿಯ ಕಣ್ಣು ಹೊಗಳುತ್ತಾನೆ, ತುಟಿ ಹೊಗಳುತ್ತಾನೆ, ನಾನು ನಿನ್ನ ಗುಲಾಮ ಅನ್ನುತ್ತಾನೆ. ಆದರೆ ಅವಳಿಗೆ ಒಂದು ಮಾತಾಡಲು ಬಿಡುವುದಿಲ್ಲ! ಅದನ್ನೇ ಬರೆದಿದ್ದಳು.

"ಸಾಕ್ಷಿ ಬೇಕಾ? ನಮ್ ಸಿಲಬಸ್‌ನಲ್ಲಿರೋ ಸಾನೆಟ್‌ನಲ್ಲಿ ಅವಳು ಮಾತಾಡೋ ಒಂದೇ ಒಂದು ಸಾಲು ತೋರ್ಸು ನೋಡೋಣ!"

"ಮಾತಾಡ್ದೆ ಇರೋದು ಅವಳ ಇಷ್ಟಾನೇ ಇರಬಹುದಲ್ಲ? ಸುಮ್ನಿರೋದು ಅಂದ್ರೆ ಬೇಡ ಅಂತಾನೂ ಆಗುತ್ತೆ. ಅದನ್ನ ನೀನು ಯೋಚ್ನೇನೇ ಮಾಡಿಲ್ಲ."

ಶ್ರೀರಂಜನಿ ಪೇಪರ್ ಮಡಚಿಕೊಂಡು ಬೆಂಚಿಗೆ ಬಂದು ಕೂತಳು. ಅವಮಾನದಿಂದ ಕಣ್ಣು ತುಂಬಿತು. ಎಲ್ಲರನ್ನೂ ಬಿಟ್ಟು ನನ್ನನ್ನೇ ಯಾಕೆ ಇವನು ಹೀಗೆ ಕಾಡಿದ...

ಮರುದಿನ, ಸೆಮಿನಾರ್ ನಡೆಸುವ ಪಟ್ಟಾಭಿರಾಮ ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು.

"ನೋಡಮ್ಮ, ಶನಿವಾರ ಇನ್ನೊಂದ್ಸಲ ಓದು. ಈ ಜಗಳ ಎಲ್ಲ ಬೇಡ. ಪ್ರೇಮ, ಸೌಂದರ್ಯ ಅಂತ ಗೈಡ್‌ನಲ್ಲಿರೋ ಥರ ಬರ್ಕೊಂಡು ಬಾ. ಇಲ್ಲಾಂದ್ರೆ ಇಂಟರ್ನಲ್ ಮಾರ್ಕ್ಸ್ ಹೋಗುತ್ತೆ. ಆ ಅಂಜನ್ನೂ ಬಂದು ನಿನ್ ಪೇಪರ್ ವಿಷ್ಯ ಮಾತಾಡ್ದ."

ಓಹೋ! ಚಾಡಿ ಹೇಳೋಕೆ ಬಂದಿದ್ನಾ?

ಆ ಸಂಜೆ ಅವಳು ಉಪ್ಪಾರಹಳ್ಳಿಯ ಮನೆ ಕಡೆ ತಿರುಗಲೇ ಇಲ್ಲ. ನೆಟ್ಟಗೆ ರೈಲ್ವೆ ಸ್ಟೇಷನ್ನಿಗೆ ನಡೆದಳು. ದಿನಾ ನಿಟ್ಟೂರಿನಿಂದ ಓಡಾಡುವ ಅಂಜನ್ ಅಲ್ಲೇ ರೈಲು ಕಾಯುತ್ತಿದ್ದ.

"ಏನೋ, ಕ್ಲಾಸಲ್ಲಿ ಮರ್ಯಾದೆ ತೆಗೆದಿದ್ದು ಸಾಲ್ದು ಅಂತ ಮೇಷ್ಟ್ರ ಹತ್ರ ಚಾಡಿ ಬೇರೆನಾ?"

ಅಂಜನ್ ಕಣ್ಣು ಕಣ್ಣು ಬಿಟ್ಟ.

"ಚಾಡಿನಾ? ಆ ಪೇಪರ್ ಹಂಗೇ ಇರ್ಲಿ ಸರ್, ಅವಳ್ನ ಗೈಡ್ ಕಡೆ ತಳ್ಳಬೇಡಿ ಅಂತ ಹೇಳೋಕೆ ಹೋಗಿದ್ದೆ ಕಣೇ!"

"ಮತ್ತೆ ಅಷ್ಟೊಂದು ಯಾಕೆ ಕಾಡ್ದೆ?"

"ಬೇರೆಯವ್ರದ್ದೆಲ್ಲ ಗೈಡು. ಅದ್ರಲ್ಲಿ ಏನ್ ಕೇಳ್ಲಿ? ಪ್ರಶ್ನೆ ಕೇಳೋ ಹಂಗಿದ್ದಿದ್ದು ನಿಂದೊಂದೇ. ಅದಕ್ಕೇ ಆ ಪದ್ಯಗಳನ್ನೆಲ್ಲ ಮತ್ತೆ ಓದ್ಕೊಂಡು ಬಂದಿದ್ದೆ."

ರೈಲು ಬಂತು. ಅವನು ಬೇಜಾರಿನಲ್ಲೇ ಹತ್ತಿ ಹೋದ.

ಛೆ... ನಾನು ಬರೆದದ್ದನ್ನು ಇಷ್ಟು ಮನಸಿಟ್ಟು ಓದಿದವನು ಇವನೊಬ್ಬನೇ. ಅವನಿಗೇ ಬೈದೆನಲ್ಲ! ಮನೆ ತಲುಪುವವರೆಗೂ ಅವಳಿಗೆ ಅದೇ ಸಂಕಟ.

ಶನಿವಾರ ಬಂತು. ಶ್ರೀರಂಜನಿ ಎದ್ದು ನಿಂತಳು. ಅವಳ ಪೇಪರಿನಲ್ಲಿ ಗೈಡಿನ ಒಂದಕ್ಷರವೂ ಇರಲಿಲ್ಲ.

"ಅವಳ ಮೌನ ಅಂದರೆ ಬೇಡ ಅಂತಲೇ ಇರಬಹುದು. ಆ 'ಬೇಡ'ವನ್ನೂ ಕವಿ ಕೇಳಿಸಿಕೊಳ್ಳಲಿಲ್ಲ. ಅದನ್ನೂ ತನ್ನ ನೋವು ಮಾಡಿಕೊಂಡು ಇನ್ನೊಂದು ಪದ್ಯ ಬರೆದ!"

ಮೇಷ್ಟ್ರು ಕನ್ನಡಕ ತೆಗೆದರು. "ಮಾರ್ಕ್ಸ್ ಹೋಗುತ್ತೆ ಅಂದಿದ್ದೆ ಕಣಮ್ಮ."

"ಹೋಗ್ಲಿ ಸರ್. ಓದಿದ್ದು ನಾನು. ಉತ್ತರಾನೂ ನಂದೇ ಇರ್ಲಿ."

ಎದುರಾಳಿಯ ಸರದಿ. ಅಂಜನ್ ಎದ್ದ. ಅವಳನ್ನೇ ನೋಡಿದ.

"ಏನೂ ಕೇಳಲ್ಲ ಸರ್. ನಾನು ಸೋತೆ."

ಹುಡುಗರು ಶಿಳ್ಳೆ ಹೊಡೆದರು! ಬೇರೆ ಹುಡುಗಿಯಾಗಿದ್ದರೆ ನಾಚಿ ತಲೆ ತಗ್ಗಿಸುತ್ತಿದ್ದಳೇನೋ. ಇವಳಿಗೆ ಮೈಯೆಲ್ಲ ಉರಿದುಹೋಯಿತು.

"ಸೋಲಬೇಡ ಕಣೋ! ಆ ಕವಿಗಳು ಮಾಡಿದ್ದೂ ಇದೇ. ಸೋತೆ ಸೋತೆ ಅಂತಾನೇ ಅವಳ ಬಾಯಿ ಮುಚ್ಚಿಸಿದ್ರು. ನಂಗೆ ನಿನ್ ಸೋಲು ಬೇಡ. ಪ್ರಶ್ನೆ ಕೇಳು!"

ಅಂಜನ್ ಮುಖ ಕೆಂಪಾಯಿತು. ತಡವರಿಸಿದ. ಆದರೂ ಕೇಳಿದ.

"ಹಂಗಾದ್ರೆ... ನಿಜವಾಗಿ ಪ್ರೀತಿಸೋನು ಏನ್ ಬರೀಬೇಕು?"

"ಬರೆಯೋದು ಆಮೇಲೆ. ಮೊದ್ಲು ಅವಳನ್ನ ಕೇಳಬೇಕು. ಕೇಳಿ, ಉತ್ತರ ಬರೋವರೆಗೂ ಬಾಯಿ ಮುಚ್ಕೊಂಡಿರಬೇಕು."

ಮೇಷ್ಟ್ರು ಹೇಳಿದ ಹಾಗೇ ಮಾರ್ಕ್ಸ್ ಕತ್ತರಿಸಿದರು. ಅವಳು ಅದನ್ನು ನೋಡಿಯೂ ನಗುತ್ತಲೇ ಹೊರಬಂದಳು.

ಕಾರಿಡಾರಿನಲ್ಲಿ ಅಂಜನ್ ಕಾಯುತ್ತಿದ್ದ.

"ನಿನ್ ಕಣ್ಣು ಗಿಣ್ಣು ಅಂತ ಹೊಗಳಲ್ಲ. ನಂಗೆ ನೀನಂದ್ರೆ ಪ್ರಾಣ ಕಣೇ. ನಿಂಗೆ... ನಾನು ಇಷ್ಟಾನಾ?"

ಕೇಳಿದವನು ಬಾಯಿ ಮುಚ್ಚಿಕೊಂಡು ನಿಂತ. ಬೆಲ್ ಹೊಡೆಯಿತು. ಸುತ್ತ ಹುಡುಗರು ಗುಂಪು ಗುಂಪಾಗಿ ಹಾದುಹೋದರು. ಅವನು ತುಟಿ ಬಿಚ್ಚಲಿಲ್ಲ. ಅವಳೂ ಬೇಕಂತಲೇ ಕಾಯಿಸಿದಳು!

"ಇಷ್ಟ ಕಣೋ," ಎಂದಳು ಕೊನೆಗೆ. "ಸ್ಟೇಷನ್‌ನಲ್ಲಿ ಬೈದು ಬಂದೆನಲ್ಲ, ಅವತ್ತಿಂದ ನಿದ್ದೆ ಇಲ್ಲ ನಂಗೆ."

ಅವನ ಕಣ್ಣು ಒದ್ದೆಯಾಯಿತು.

"ಈಗ ನಾನು ಬಾಯಿ ಬಿಡಬಹುದಾ?"

ಶ್ರೀರಂಜನಿ ಅವನ ಕೈ ಹಿಡಿದುಕೊಂಡಳು.

"ತಡಿ. ನನ್ ಮಾತು ಇನ್ನೂ ಮುಗಿದಿಲ್ಲ."