ಚಕ್ರ ಬಿಚ್ಚಿಟ್ಟ ಮೋಟಾರ್ ಸೈಕಲ್

೧೯೬೪ರ ಧನುರ್ಮಾಸ. ಯಲಹಂಕದ ನಮ್ಮ ಮನೆಯಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದವಳು ಅರ್ಧಕ್ಕೇ ನಿಂತೆ. ಕೊಟ್ಟಿಗೆಯಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು.

ಅಲ್ಲಿದ್ದದ್ದು ನಮ್ಮ ಯಜಮಾನರ ಮೋಟಾರ್ ಸೈಕಲ್. ಹಿಂದಿನ ವರ್ಷ ಹೆಬ್ಬಾಳದ ಕೆರೆ ಏರಿಯ ಮಂಜಿನಲ್ಲಿ ಅದನ್ನು ಓಡಿಸಿ ಅವರಿಗೆ ಉಬ್ಬಸ ಹತ್ತಿತ್ತು. ಇನ್ನೊಂದು ಚಳಿಗಾಲ ಹೀಗೆ ಓಡಾಡಿದರೆ ಜೀವ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಅದಕ್ಕೇ ಕಾರ್ತಿಕ ಮುಗಿಯುತ್ತಲೇ ಮೆಕ್ಯಾನಿಕ್ ಮುಕ್ತಾರನನ್ನು ಕರೆಸಿ, ಪೆಟ್ರೋಲು ಬಸಿಸಿ, ಎರಡೂ ಚಕ್ರ ಬಿಚ್ಚಿಸಿ ಗಾಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದೆ. ಚಕ್ರಗಳು ನನ್ನ ಮಂಚದ ಕೆಳಗಿದ್ದವು.

ಹೊದಿಸಿದ್ದ ಗೋಣಿಚೀಲ ಸರಿಸಿ ಎಂಜಿನ್ ಮುಟ್ಟಿದೆ. ಬಿಸಿಯಾಗಿತ್ತು. ಮರುದಿನವೂ ಬಿಸಿ, ಅದರ ಮರುದಿನವೂ.

"ಕದ್ದು ಸ್ಟಾರ್ಟ್ ಮಾಡ್ತಿದ್ದೀರೇನ್ರೀ?" ಎಂದು ಕೇಳಿದೆ.

"ಪೆಟ್ರೋಲ್ ಇಲ್ದೆ ಏನು, ಮಜ್ಜಿಗೆ ಹುಯ್ದು ಓಡಿಸ್ಲೇನೇ?" ಎಂದು ನಕ್ಕರು. ನಗುವಾಗ ಉಸಿರು ಸಣ್ಣಗೆ ಸಿಳ್ಳೆ ಹಾಕಿತು.

ನಾನೂ ಬಿಡುವವಳಲ್ಲ. ನನ್ನ ಸೆರಗನ್ನು ಅವರ ಕೈಗೆ ಗಂಟು ಹಾಕಿಯೇ ಮಲಗಿದೆ. ಬೆಳಗ್ಗೆ ಎದ್ದಾಗ ಗಂಟು ಹಾಗೇ ಇತ್ತು. ಅವರು ಗಾಢ ನಿದ್ದೆಯಲ್ಲಿದ್ದರು. ಅಂಗೈ ಮಾತ್ರ ಕಲ್ಲಿನಂತೆ ತಣ್ಣಗಿತ್ತು, ತಲೆಗೂದಲು ಇಬ್ಬನಿಯಲ್ಲಿ ನೆನೆದಿತ್ತು.

ಆರು ವರ್ಷದ ಮಗಳು ಪದ್ದಿ ನಾಲ್ಕು ದಿನದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಹಾಸಿಗೆಯಿಂದೆದ್ದು ಬಂದು ನನ್ನ ತೋಳು ಹಿಡಿದಳು.

"ಅಮ್ಮಾ, ಅಪ್ಪ ಇಲ್ಲೇ ಮಲ್ಗವ್ರಲ್ಲ. ದಿನಾ ಕೊಟ್ಟಿಗೇಲಿ ಕೆಮ್ಮೋರು ಯಾರು?"