ಬೆಕ್ಕಿನ ಮೀಸೆ, ಅತ್ತೆಯ ದಾರಿ

ಸಂಜೆ ಆರು ಗಂಟೆಗೆ ಮುದಿ ಬೆಕ್ಕಿನ ಮೀಸೆಯ ಇನ್ನೊಂದು ಎಳೆ ಉದುರಿತು. ಒಂದು ಕೆನ್ನೆ ಆಗಲೇ ಬೋಳಾಗಿತ್ತು.

“ಅದಕ್ಕೆ ಔಷಧಿ ಹಚ್ಚಬೇಡಮ್ಮ,” ಎಂದರು ಅತ್ತೆ. “ಅದು ಕಾಯಿಲೆಯಲ್ಲ, ಮಾಟ. ಕೈ ಹಾಕಿದ್ರೆ ಕೆಟ್ಟದಾಗುತ್ತೆ.”

ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಕ್ಕಳು. “ಅದು ಹುಳುಕಡ್ಡಿ, ಅತ್ತೆ. ವಯಸ್ಸಾದ ಬೆಕ್ಕಿಗೆ ಬೇಗ ಹತ್ತುತ್ತೆ. ಮಾಟಗಾರನಿಗೆ ಬೇರೆ ಕೆಲಸ ಇಲ್ವಾ, ನಮ್ಮ ಬೆಕ್ಕು ಸಾಹೇಬರ ಮೀಸೆ ಮೇಲೆ ಕಣ್ಣು ಹಾಕೋಕೆ?”

ಅತ್ತೆ ನಗಲಿಲ್ಲ. ಅವರ ಕಣ್ಣು ಹೋಗಿ ವರ್ಷಗಳಾಗಿದ್ದವು. ಆದರೂ ಗೋಡೆ ಮುಟ್ಟದೆ ಮಹಡಿಯಿಂದ ಇಳಿದು, ಕೆಳಗಿನ ಕೋಣೆಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಅಭ್ಯಾಸಬಲ ಎಂದುಕೊಂಡಿದ್ದಳು ಸೊಸೆ. ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದುದು ಬೆಕ್ಕು.

ಸೊಸೆ ಹಚ್ಚಿದ ಮುಲಾಮು ಕೆಲಸ ಮಾಡಿತು. ಬಿಳಿ ಮೀಸೆ ಚಿಗುರಿತು. ಬೆಕ್ಕು ಮತ್ತೆ ಕಿಟಕಿಗೆ ಹಾರತೊಡಗಿತು. ಅದೇ ವಾರ ಅತ್ತೆ ಕಂಬಕ್ಕೆ ಹಣೆ ಬಡಿದುಕೊಂಡರು. ಆಮೇಲೆ ಉರಿಯುವ ಒಲೆಯ ಮೇಲೆ ಕೈಯಿಟ್ಟರು. ಸೊಸೆ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿದಳು.

ಒಂದು ಸಂಜೆ ಕರೆಂಟು ಹೋಯಿತು. ಮೆಟ್ಟಿಲ ಮೇಲೆ ಏನೋ ಉರುಳಿದ ಸದ್ದು. ಸೊಸೆ ಓಡಿದಳು. ಕತ್ತಲು. ನೆನೆಹಾಕಿದ ಬೆತ್ತದ ಹುಳಿ ವಾಸನೆ. ತಡಕಾಡಿದಳು. ಕೂದಲು ಸಿಕ್ಕಿತು. ಒದ್ದೆ. ಬೆಚ್ಚಗಿತ್ತು.

“ಆ ಮಾಟ ನಿಮ್ಮ ಮಾವ ಸಾಯೋ ಮುಂಚೆ ನನಗೋಸ್ಕರ ಮಾಡಿಸಿದ್ದು,” ಎಂದರು ಅತ್ತೆ, ಅವಳ ಮಡಿಲಲ್ಲಿ ತಲೆಯಿಟ್ಟು. “ಮೀಸೆ ಉದುರಿ ಬೆಕ್ಕು ದಾರಿ ಕಳಕೊಂಡಷ್ಟು ನನಗೆ ದಾರಿ ತಿಳೀತಿತ್ತು. ಪಾಪ ಅನಿಸ್ತಿತ್ತು. ಆದ್ರೂ ಬಿಡಿಸೋಕೆ ಮನಸ್ಸು ಬರ್ಲಿಲ್ಲ. ಯಾರ ಕೈಯನ್ನೂ ಕಾಯದೆ ಬದುಕಬೇಕಿತ್ತು ನನಗೆ.”

ಬೆಕ್ಕು ಬಂದು ಪಕ್ಕದಲ್ಲಿ ಕುಳಿತಿತು. ಅದರ ಮೀಸೆ ಕತ್ತರಿಸಲು ಸೊಸೆ ಪಕ್ಕದಲ್ಲಿ ಉರುಳಿದ್ದ ಬೆತ್ತದ ಬುಟ್ಟಿಯಿಂದ ಕತ್ತರಿ ಎತ್ತಿದಳು.

“ಬೇಡ ಕಣೇ. ಕತ್ತರಿಸಿದ್ದು ನನಗೆ ಬರಲ್ಲ. ತಾನಾಗಿ ಉದುರಿದ್ದು, ಇಲ್ಲಾ ತಾನಾಗಿ ಕೊಟ್ಟಿದ್ದು ಮಾತ್ರ.”

“ಹಾಗಾದ್ರೆ ನನ್ನ ದಾರಿ ತಗೊಳ್ಳಿ ಅತ್ತೆ. ನಾನೇ ಕೊಡ್ತೀನಿ.”

“ಬಾಯಿ ಮುಚ್ಚೇ!” ಅತ್ತೆ ಅಂಗೈಯಿಂದ ಅವಳ ಬಾಯಿ ಒತ್ತಿ ಹಿಡಿದರು. “ಅಯ್ಯೋ, ಅಂದೇಬಿಟ್ಟೆಯಲ್ಲೇ.”

ಬೆಳಿಗ್ಗೆ ಸೊಸೆಯ ದಿಂಬಿನ ಮೇಲೆ ರೆಪ್ಪೆಗೂದಲು ಬಿದ್ದಿದ್ದವು. ಹೊರಗೆ ಅತ್ತೆ ಮೆಟ್ಟಿಲಿಳಿಯುತ್ತಿದ್ದರು. ಹೆಜ್ಜೆ ಎಲ್ಲೂ ತಪ್ಪಲಿಲ್ಲ. ಅವರು ಅಳುತ್ತಿದ್ದರು.

ಅಂದು ಆಸ್ಪತ್ರೆಯಲ್ಲಿ ಸಿರಿಂಜಿಗೆ ಔಷಧಿ ಎಳೆಯಲು ಹೋದಾಗ ಸೂಜಿ ಬಾಟಲಿಗೆ ತಾಗದೆ ಅವಳ ಬೆರಳಿಗೆ ಚುಚ್ಚಿತು.